ಒಂದೇ ಕಮಾಂಡ್ ಮತ್ತೆ ಮತ್ತೆ ರನ್ ಆಗಬೇಕೇ? ವಾಚ್, ಲೂಪ್, ಕ್ರಾನ್, ಟೈಮರ್: ಯಾವುದು ಯಾರಿಗೆ

ಸಕಲೇಶಪುರದ ಕಡೆಯ ಕಾಫಿ ತೋಟದ ಆಫೀಸಿನಲ್ಲಿ ಒಂದು ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್, ದಿನಾ ಮಳೆ ಲೆಕ್ಕ ಬರೆದಿಡಬೇಕು. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿಗೆ ಫೈಲ್ ಸೇವ್ ಮಾಡಿದ ತಕ್ಷಣ ಪ್ರೋಗ್ರಾಂ ಕಂಪೈಲ್ ಆಗಬೇಕು. ಚಿಕ್ಕಮಗಳೂರಿನ ಅಂಗಡಿಯವರಿಗೆ ಬಿಲ್ಲಿಂಗ್ ಡೇಟಾ ರಾತ್ರಿ ಹೊತ್ತು ತಾನಾಗಿ ಬ್ಯಾಕಪ್ ಆಗಬೇಕು. ಮೂಡಿಗೆರೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗೆ ಮಳೆಗೆ ಹೋದ ನೆಟ್ ಯಾವಾಗ ಬಂತು ಅಂತ ಗೊತ್ತಾಗಬೇಕು. ಎಲ್ಲರೂ ಕೇಳುವುದು ಒಂದೇ: ಒಂದು ಕಮಾಂಡ್ ಮತ್ತೆ ಮತ್ತೆ ರನ್ ಆಗಬೇಕು, ಯಾವ ಟೂಲ್ ಹಿಡಿಯಲಿ?

ಪ್ರಶ್ನೆ ಒಂದೇ ಆದರೂ ಇವು ನಾಲ್ಕು ಬೇರೆ ಬೇರೆ ಕೆಲಸ. ಒಂದಕ್ಕೆ ಹೇಳಿ ಮಾಡಿಸಿದಂತಿರುವ ಟೂಲ್ ಇನ್ನೊಂದರಲ್ಲಿ ಕೈಕೊಡುತ್ತದೆ. ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ, ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗದ ಕಡೆ, ಇಪ್ಪತ್ನಾಲ್ಕು ಗಂಟೆ ಕರೆಂಟ್ ಇರುವ ಡೇಟಾ ಸೆಂಟರ್ ಮನಸ್ಸಿನಲ್ಲಿಟ್ಟು ಕೊಟ್ಟ ಸಲಹೆ ಹಾಗೇ ಒಪ್ಪುವುದಿಲ್ಲ.

ಕಮಾಂಡ್‌ಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ; ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಅಡ್ಡಗೆರೆ, ಚುಕ್ಕೆ, ಕೋಟ್ ಚಿಹ್ನೆ ಎಲ್ಲ ಇದ್ದ ಹಾಗೇ.

ಟೂಲ್ ಆರಿಸುವ ಮೊದಲು

ಮೊದಲ ಪ್ರಶ್ನೆ, ಮುಂದಿನ ಸಲದ ರನ್‌ ಅನ್ನು ಶುರುಮಾಡುವುದು ಯಾವುದು? ಇಷ್ಟು ಸೆಕೆಂಡು ಕಳೆಯಿತು ಎಂಬುದೋ, ಗಡಿಯಾರದಲ್ಲಿ ಇಂಥ ಹೊತ್ತಾಯಿತು ಎಂಬುದೋ, ಅಥವಾ ಯಾವುದೋ ಫೈಲ್ ಬದಲಾಯಿತು ಎಂಬುದೋ. ಅರ್ಧ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಎರಡನೆಯದು, ಬರುವ ಔಟ್‌ಪುಟ್ ನೋಡುವವರು ಯಾರು? ನೀವೇ ಪರದೆ ಎದುರು ಕೂತಿರುತ್ತೀರಾ, ಇಲ್ಲ ಅದು ಫೈಲಿಗೆ ಹೋಗಿ ನಾಳೆ ನೋಡುವಂಥದ್ದಾ? ಮೂರನೆಯದು, ಕರೆಂಟ್ ಹೋಗಿ ಮೆಷಿನ್ ಆಫ್ ಆಗಿದ್ದಾಗ ತಪ್ಪಿಹೋದ ರನ್ ಏನಾಗಬೇಕು? ಬಿಟ್ಟುಬಿಡಬೇಕೋ, ಕರೆಂಟ್ ಬಂದ ಮೇಲೆ ಮಾಡಬೇಕೋ? ನಾಲ್ಕನೆಯದು, ಹಿಂದಿನ ಸಲದ್ದು ಇನ್ನೂ ಮುಗಿಯದೆ ಮುಂದಿನದರ ಹೊತ್ತು ಬಂದರೆ?

ಕೊನೆಯದು ಖರ್ಚು. ಇಲ್ಲಿ ಹೇಳುವ ಟೂಲ್‌ಗಳಿಗೆಲ್ಲ ದುಡ್ಡು ಕೊಡಬೇಕಾಗಿಲ್ಲ, ಆದರೆ ಡೇಟಾಕ್ಕೆ ಕೊಡುತ್ತೇವೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು 50 ಕೆಬಿಯ ಒಂದು ವೆಬ್ ಪುಟವನ್ನು 2 ಸೆಕೆಂಡಿಗೊಮ್ಮೆ ತರಿಸಿದರೆ ದಿನಕ್ಕೆ 43,200 ಸಲ, ಹತ್ತಿರ ಹತ್ತಿರ 2.16 ಜಿಬಿ. ಅದನ್ನೇ ನಿಮಿಷಕ್ಕೊಮ್ಮೆ ಮಾಡಿದರೆ 72 ಎಂಬಿ. ಎರಡು ಸೆಕೆಂಡಿಗೊಮ್ಮೆ ನಿಜಕ್ಕೂ ಬೇಕೇ ಅಂತ ಕೇಳಿಕೊಳ್ಳುವುದು ಟೂಲ್ ಆರಿಸುವುದಕ್ಕಿಂತ ಮುಖ್ಯ.

ಇನ್ನೊಂದು ಮಾತು. ಕೆಲವು ಕಮಾಂಡ್‌ಗಳು ತಾವಾಗಿಯೇ ಪುನರಾವರ್ತನೆ ಆಗುತ್ತವೆ. ನೆಟ್ ಇದೆಯೇ ಅಂತ ನೋಡುವ ಪಿಂಗ್, ನಿಲ್ಲಿಸುವವರೆಗೂ ನಡೆಯುತ್ತದೆ. ಲಾಗ್ ಫೈಲಿಗೆ ಹೊಸ ಸಾಲು ಬಂದಂತೆ ತೋರಿಸಲು ಟೇಲ್ -ಎಫ್ ಇದೆ, ಸಿಸ್ಟಮ್ ಲಾಗ್‌ಗೆ ಜರ್ನಲ್‌ಸಿಟಿಎಲ್ -ಎಫ್. ಮೆಮೊರಿ ನೋಡಲು ಫ್ರೀ -ಎಸ್ 5, ಒಟ್ಟು ಲೋಡ್ ನೋಡಲು ವಿಎಂಸ್ಟ್ಯಾಟ್ 5 ಅಂದರೆ 5 ಸೆಕೆಂಡಿಗೊಮ್ಮೆ ತೋರಿಸುತ್ತವೆ. ಇಂಥದ್ದಕ್ಕೆ ಮೇಲೊಂದು ಟೂಲ್ ಹೊರಿಸುವ ಅಗತ್ಯವಿಲ್ಲ.

ವಾಚ್: ಕಣ್ಣೆದುರು ನೋಡುವುದಕ್ಕೆ

ಲಿನಕ್ಸ್ ಹಾಕಿದ ಹೆಚ್ಚುಕಡಿಮೆ ಎಲ್ಲ ಮೆಷಿನ್‌ಗಳಲ್ಲೂ ವಾಚ್ ಮೊದಲೇ ಇರುತ್ತದೆ; ಪ್ರೋಕ್‌ಪಿಎಸ್ ಎಂಬ ಪ್ಯಾಕೇಜಿನ ಭಾಗ ಅದು. ಕಮಾಂಡ್‌ಗೆ ಮೊದಲು ವಾಚ್ ಅಂತ ಸೇರಿಸಿದರೆ ಸಾಕು, 2 ಸೆಕೆಂಡಿಗೊಮ್ಮೆ ರನ್ ಮಾಡಿ, ಪರದೆ ಅಳಿಸಿ, ಹೊಸ ಔಟ್‌ಪುಟ್ ತೋರಿಸುತ್ತದೆ. ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಕಾಪಿ ಆಗುವಾಗ ಜಾಗ ತುಂಬುವುದನ್ನು ನೋಡಬೇಕಾದರೆ:

ವಾಚ್ -ಎನ್ 5 -ಡಿ ಡಿಎಫ್ -ಎಚ್

ಇಲ್ಲಿ -ಎನ್ 5 ಅಂದರೆ 5 ಸೆಕೆಂಡಿನ ಅಂತರ. -ಡಿ ಹಾಕಿದರೆ ಕಳೆದ ಸಲಕ್ಕೂ ಈ ಸಲಕ್ಕೂ ಬದಲಾದ ಅಂಕಿಗಳ ಬಣ್ಣ ತಿರುಗುತ್ತದೆ. ಇದೊಂದಕ್ಕೇ ವಾಚ್ ಕಲಿಯಬಹುದು. ಇಪ್ಪತ್ತು ಸಾಲಿನಲ್ಲಿ ಯಾವ ಅಂಕಿ ಬದಲಾಯಿತು ಅಂತ ಕಣ್ಣು ಹುಡುಕುವ ಶ್ರಮ ತಪ್ಪುತ್ತದೆ. -ಜಿ ಹಾಕಿದರೆ ಔಟ್‌ಪುಟ್ ಬದಲಾದ ಕೂಡಲೇ ವಾಚ್ ಮುಗಿಯುತ್ತದೆ, ಕೊನೆಯಲ್ಲಿ && ಹಾಕಿ ಇನ್ನೊಂದು ಕಮಾಂಡ್ ಕೊಟ್ಟರೆ ಅದು ಶುರುವಾಗುತ್ತದೆ. -ಇ ಹಾಕಿದರೆ ಕಮಾಂಡ್ ಫೇಲ್ ಆದಾಗ ಪರದೆ ಅಲ್ಲಿಗೇ ನಿಲ್ಲುತ್ತದೆ, -ಬಿ ಹಾಕಿದರೆ ಫೇಲ್ ಆದಾಗ ಬೀಪ್ ಸದ್ದು. ಬಣ್ಣದ ಔಟ್‌ಪುಟ್ ಬೇಕಾದರೆ -ಸಿ.

ಎಡವುವುದು ಎಲ್ಲರೂ ಒಂದೇ ಕಡೆ: ಪೈಪ್, ಅಂದರೆ ಒಂದು ಕಮಾಂಡಿನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಕೊಡುವ | ಚಿಹ್ನೆ. ಬ್ಯಾಕಪ್ ಫೋಲ್ಡರಿನಲ್ಲಿ ಎಷ್ಟು ಫೈಲ್ ಸೇರಿವೆ ಅಂತ ನೋಡಲು ಕೋಟ್ ಇಲ್ಲದೆ ಬರೆದರೆ, ಪೈಪ್‌ನ ಆಚೆಗಿನ ಭಾಗ ನಿಮ್ಮ ಕಮಾಂಡಿಗಲ್ಲ, ವಾಚ್‌ಗೇ ಅಂಟಿಕೊಳ್ಳುತ್ತದೆ. ಪರದೆಯಲ್ಲಿ ಏನೂ ಬರುವುದಿಲ್ಲ. ಹೀಗೆ ಬರೆಯಬೇಕು:

ವಾಚ್ 'ಎಲ್‌ಎಸ್ /ಬ್ಯಾಕಪ್ | ಡಬ್ಲ್ಯೂಸಿ -ಎಲ್'

ಒಂಟಿ ಕೋಟ್ ಹಾಕುವುದೇ ವಾಸಿ. ಜೋಡಿ ಕೋಟ್ ಹಾಕಿದರೆ ಒಳಗಿನ $ ಚಿಹ್ನೆಯ ವೇರಿಯಬಲ್‌ಗೆ ನಿಮ್ಮ ಶೆಲ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಬ್ಯಾಶ್‌ನಂಥ ಪ್ರೋಗ್ರಾಂ, ಮೊದಲೇ ಒಂದು ಬೆಲೆ ತುಂಬಿಬಿಡುತ್ತದೆ, ಆಮೇಲೆ ಎಷ್ಟು ಸಲ ರನ್ ಆದರೂ ಅದೇ ಹಳೇ ಬೆಲೆ. ನೀವು ಬ್ಯಾಶ್‌ನಲ್ಲಿ ಮಾಡಿಕೊಂಡ ಅಡ್ಡಹೆಸರುಗಳು, ಅಂದರೆ ಏಲಿಯಸ್‌ಗಳು, ವಾಚ್ ಒಳಗೆ ನಡೆಯುವುದಿಲ್ಲ. ವಾಚ್ ಕಮಾಂಡ್‌ ಅನ್ನು ಸಾದಾ ಎಸ್‌ಎಚ್ ಶೆಲ್‌ಗೆ ಕೊಡುತ್ತದೆ, ಅದಕ್ಕೆ ನಿಮ್ಮ ಏಲಿಯಸ್ ಗೊತ್ತಿರುವುದಿಲ್ಲ.

ವಾಚ್‌ನ ದೊಡ್ಡ ಮಿತಿ ಎಂದರೆ ನೆನಪಿಲ್ಲದಿರುವುದು. ಪರದೆ ಹಿಡಿಯುವಷ್ಟೇ ಕಾಣುತ್ತದೆ, ಕೆಳಗಿನದು ಕತ್ತರಿಸಿ ಹೋಗುತ್ತದೆ, ಐದು ನಿಮಿಷದ ಹಿಂದೆ ಏನಿತ್ತು ಅಂತ ನೋಡಲಾಗದು. ಆ ಅಗತ್ಯವಿದ್ದರೆ ವಿಡ್ಡಿ ಅಥವಾ ಎಚ್‌ವಾಚ್ ಹಾಕಿಕೊಳ್ಳಿ. ಎರಡೂ ವಾಚ್‌ನ ರೀತಿಯವೇ, ಆದರೆ ಹಿಂದಿನ ಔಟ್‌ಪುಟ್‌ಗಳನ್ನು ಇಟ್ಟುಕೊಂಡು ಹಿಂದಕ್ಕೆ ಹೋಗಿ ನೋಡಲು ಬಿಡುತ್ತವೆ. ಬೇರೆಯವರ ಸರ್ವರ್‌ನಲ್ಲಿ ಇವು ಇರುವುದಿಲ್ಲ, ಹಾಗಾಗಿ ಮೂಲ ವಾಚ್ ಗೊತ್ತಿರಲೇಬೇಕು. ಮ್ಯಾಕ್‌ನಲ್ಲಿ ವಾಚ್ ಮೊದಲೇ ಇರುವುದಿಲ್ಲ, ಹೋಮ್‌ಬ್ರೂನಿಂದ ಹಾಕಿಕೊಳ್ಳಬೇಕು.

ಲೂಪ್: ಏನೂ ಇನ್‌ಸ್ಟಾಲ್ ಮಾಡದೆ

ಶೆಲ್ ಇದ್ದ ಕಡೆ ಲೂಪ್ ಇದ್ದೇ ಇದೆ. ಕಡಿಮೆ ಮೆಮೊರಿಯ ರೌಟರ್‌ನಿಂದ ಹಿಡಿದು ದೊಡ್ಡ ಸರ್ವರ್‌ವರೆಗೂ ಇದೊಂದೇ ಸಾಲು:

ವೈಲ್ ಟ್ರೂ; ಡೂ ಡೇಟ್; ಡಿಎಫ್ -ಎಚ್; ಸ್ಲೀಪ್ 60; ಡನ್ | ಟೀ -ಎ ಲಾಗ್.ಟಿಎಕ್ಸ್‌ಟಿ

ವಾಚ್‌ಗೆ ಆಗದ ಎರಡು ಕೆಲಸ ಇದರಲ್ಲಿ ಆಗುತ್ತವೆ. ಔಟ್‌ಪುಟ್ ಅಳಿಯದೆ ಸಾಲು ಸಾಲಾಗಿ ಉಳಿಯುತ್ತದೆ, ಟೀ -ಎ ಅದನ್ನು ಫೈಲಿಗೂ ಸೇರಿಸುತ್ತದೆ. ಜೊತೆಗೆ ಯಾವಾಗ ನಿಲ್ಲಬೇಕೆಂದು ನೀವೇ ತೀರ್ಮಾನಿಸಬಹುದು. ಮೂಡಿಗೆರೆಯ ನೆಟ್ ಪ್ರಶ್ನೆಗೆ ಸರಿಯಾದ ಉತ್ತರ ಇದೇ:

ಅಂಟಿಲ್ ಪಿಂಗ್ -ಸಿ 1 -ಡಬ್ಲ್ಯೂ 2 8.8.8.8; ಡೂ ಸ್ಲೀಪ್ 10; ಡನ್; ಎಕೋ 'ನೆಟ್ ಬಂತು'

ಇಲ್ಲಿನ ಡಬ್ಲ್ಯೂ ದೊಡ್ಡಕ್ಷರ. ಉತ್ತರಕ್ಕೆ 2 ಸೆಕೆಂಡಿಗಿಂತ ಹೆಚ್ಚು ಕಾಯಬೇಡ ಎಂದರ್ಥ. ಪಿಂಗ್ ಯಶಸ್ವಿಯಾಗುವವರೆಗೆ 10 ಸೆಕೆಂಡಿಗೊಮ್ಮೆ ಪ್ರಯತ್ನ, ಆದ ಕೂಡಲೇ ಸುದ್ದಿ. ವಾಚ್ ಹಾಕಿಕೊಂಡು ಪರದೆ ನೋಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಲೂಪ್‌ನ ತೊಂದರೆಗಳೂ ತಿಳಿದಿರಲಿ. ಸ್ಲೀಪ್ ಮರೆತರೆ ಕಮಾಂಡ್ ಸೆಕೆಂಡಿಗೆ ನೂರಾರು ಸಲ ರನ್ ಆಗಿ ಪ್ರೊಸೆಸರ್ ಬಿಸಿಯೇರುತ್ತದೆ. ಸ್ಲೀಪ್ 60 ಅಂದರೆ ನಿಮಿಷಕ್ಕೊಮ್ಮೆ ಅಂತಲ್ಲ. ಕಮಾಂಡಿಗೆ 4 ಸೆಕೆಂಡು ಹಿಡಿದರೆ ಒಂದು ಸುತ್ತು 64 ಸೆಕೆಂಡು, ದಿನಕ್ಕೆ 1440 ಅಲ್ಲ, 1350 ಸಲ. ಡಿಸ್ಕ್ ನೋಡುವುದಕ್ಕೆ ಇದರಿಂದ ಬಾಧಕವಿಲ್ಲ, ಗಂಟೆ ಹೊಡೆದ ಹಾಗೆ ಅಳತೆ ಬೇಕಾದವರಿಗೆ ಇದು ಸಲ್ಲ. ಅದಕ್ಕಿಂತ ಕೆಟ್ಟದ್ದು ನೇತುಬೀಳುವುದು: ನೆಟ್ ಅರ್ಧಕ್ಕೆ ನಿಂತಾಗ, ವೆಬ್ ಪುಟ ತರಿಸುವ ಕರ್ಲ್ ಕಮಾಂಡ್ ಉತ್ತರಕ್ಕೆ ಕಾಯುತ್ತಾ ಕೂತರೆ ಇಡೀ ಲೂಪ್ ಅಲ್ಲೇ ಕೂರುತ್ತದೆ. ನೆಟ್ ಮುಟ್ಟುವ ಯಾವ ಕಮಾಂಡಿಗೂ ಮುಂದೆ ಟೈಮ್‌ಔಟ್ 30 ಎಂದು ಹಾಕಿ. 30 ಸೆಕೆಂಡು ಮೀರಿದರೆ ಅದನ್ನು ಕೊಂದು 124 ಎಂಬ ಸಂಖ್ಯೆ ಹಿಂತಿರುಗಿಸುತ್ತದೆ, ಲೂಪ್ ಮುಂದುವರಿಯುತ್ತದೆ.

ಕಂಟ್ರೋಲ್ ಸಿ ಒತ್ತಿದರೂ ಲೂಪ್ ನಿಲ್ಲದೆ ಸತಾಯಿಸುವುದುಂಟು. ಒಳಗಿನ ಕಮಾಂಡ್ ಆ ಸಂಕೇತವನ್ನು ತಾನೇ ನುಂಗಿಕೊಂಡು ಮಾಮೂಲಾಗಿ ಮುಗಿದರೆ ಬ್ಯಾಶ್ ಮುಂದಿನ ಸುತ್ತಿಗೆ ಹೋಗುತ್ತದೆ. ಸ್ಲೀಪ್ ನಡೆಯುತ್ತಿರುವಾಗ ಒತ್ತಿದರೆ ನಿಲ್ಲುತ್ತದೆ.

ಎಸ್‌ಎಸ್‌ಎಚ್ ಮೂಲಕ ದೂರದ ಮೆಷಿನ್‌ನಲ್ಲಿ ಲೂಪ್ ಹಾಕಿದ್ದರೆ ನೆಟ್ ಕಡಿದ ಮೇಲೆ ಅದು ಸಾಯುತ್ತದೆ. ಮೊದಲು, ಸಂಪರ್ಕ ಕಡಿದರೂ ಟರ್ಮಿನಲ್ ಅನ್ನು ಜೀವಂತ ಇಡುವ ಟಿಮಕ್ಸ್ ತೆರೆದು ಅದರೊಳಗೆ ಶುರುಮಾಡಿ; ಕಂಟ್ರೋಲ್ ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ಹೊರಬರಬಹುದು, ಟಿಮಕ್ಸ್ ಅಟ್ಯಾಚ್ ಅಂದರೆ ವಾಪಸ್. ಆದರೆ ಮೆಷಿನ್ ರೀಸ್ಟಾರ್ಟ್ ಆದರೆ ಟಿಮಕ್ಸೂ ಇಲ್ಲ, ಲೂಪೂ ಇಲ್ಲ. ಜೂನ್ ತಿಂಗಳಲ್ಲಿ ತೋಟದ ಮೆಷಿನ್‌ಗೆ ಇದನ್ನು ನಂಬಬೇಡಿ.

ಫೈಲ್ ಬದಲಾದಾಗ ಮಾತ್ರ

ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳು 2 ಸೆಕೆಂಡಿಗೊಮ್ಮೆ ಮೇಕ್, ಅಂದರೆ ಕಂಪೈಲ್ ಮಾಡಿಸುವ ಕಮಾಂಡ್, ರನ್ ಮಾಡಿಸುವುದು ಸುಮ್ಮನೆ ಬ್ಯಾಟರಿ ತಿನ್ನಿಸಿದಂತೆ. ಅವರಿಗೆ ಬೇಕಾದದ್ದು ಎಂಟ್ರ್, ಇ-ಎನ್-ಟಿ-ಆರ್ ಎಂಬ ನಾಲ್ಕೇ ಅಕ್ಷರದ ಟೂಲ್. ಫೈಲ್‌ಗಳ ಪಟ್ಟಿ ಕೊಟ್ಟರೆ ಮೊದಲಿಗೆ ಒಮ್ಮೆ ಕಮಾಂಡ್ ಹೊಡೆದು, ಆಮೇಲೆ ಅವು ಬದಲಾಗುವವರೆಗೆ ತೆಪ್ಪಗಿದ್ದು, ಸೇವ್ ಆದ ಕ್ಷಣ ಮತ್ತೆ ಹೊಡೆಯುತ್ತದೆ:

ಎಲ್‌ಎಸ್ *.ಸಿ *.ಎಚ್ | ಎಂಟ್ರ್ -ಸಿ ಮೇಕ್

-ಸಿ ಪರದೆ ಅಳಿಸುತ್ತದೆ. ವೆಬ್ ಸರ್ವರ್‌ನಂಥ, ತಾನಾಗಿ ಮುಗಿಯದ ಪ್ರೋಗ್ರಾಂ ಆದರೆ -ಆರ್ ಹಾಕಿ, ಹಳೆಯದನ್ನು ನಿಲ್ಲಿಸಿ ಹೊಸದಾಗಿ ಶುರುಮಾಡುತ್ತದೆ. ಪಟ್ಟಿ ಕೊಟ್ಟ ಮೇಲೆ ಸೃಷ್ಟಿಯಾದ ಹೊಸ ಫೈಲ್ ಎಂಟ್ರ್‌ಗೆ ಗೊತ್ತಾಗುವುದಿಲ್ಲ. -ಡಿ ಹಾಕಿದರೆ ಹೊಸ ಫೈಲ್ ಬಂದಾಗ ಎಂಟ್ರ್ ಹೊರಬರುತ್ತದೆ, ಅದನ್ನು ಲೂಪ್‌ನಲ್ಲಿ ಸುತ್ತಿಟ್ಟರೆ ಹೊಸ ಪಟ್ಟಿಯೊಂದಿಗೆ ಮತ್ತೆ ಶುರು.

ಗಮನಿಸಬೇಕಾದ್ದು ಎರಡು. ನೀವು ಕೊಟ್ಟ ಕಮಾಂಡ್ ಪಟ್ಟಿಯಲ್ಲಿರುವ ಫೈಲನ್ನೇ ತಿದ್ದಿ ಬರೆದರೆ, ಉದಾಹರಣೆಗೆ ಕೋಡ್ ಫಾರ್ಮ್ಯಾಟರ್, ಅದು ತನ್ನನ್ನು ತಾನೇ ಎಬ್ಬಿಸಿಕೊಂಡು ಕೊನೆಯಿಲ್ಲದೆ ಸುತ್ತಬಾರದೆಂದು, ಕಮಾಂಡ್ ನಡೆಯುವಾಗ ಆದ ಬದಲಾವಣೆಗೆ ಎಂಟ್ರ್ ಸಾಮಾನ್ಯವಾಗಿ ಮತ್ತೆ ಏಳುವುದಿಲ್ಲ; -ಎ ಹಾಕಿದರೆ ಏಳುತ್ತದೆ. ಇನ್ನೊಂದು, ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಹಂಚಿಕೊಂಡ ಫೋಲ್ಡರಿನ ಫೈಲನ್ನು ವಿಂಡೋಸ್ ಕಡೆಯಿಂದ ತಿದ್ದಿದರೆ ಎಂಟ್ರ್ ಏಳುವುದೇ ಇಲ್ಲ. ಬದಲಾವಣೆಯ ಸುದ್ದಿ ಲಿನಕ್ಸ್ ಕರ್ನಲ್‌ನಿಂದ ಬರಬೇಕು, ಆಚೆ ಕಡೆ ನಡೆದದ್ದು ಅದಕ್ಕೆ ತಿಳಿಯದು. ನೆಟ್‌ವರ್ಕ್ ಡ್ರೈವ್‌ಗೂ ಇದೇ ಕಥೆ. ಫೈಲನ್ನು ಲಿನಕ್ಸ್ ಒಳಗೇ ಇಟ್ಟು ತಿದ್ದಿ, ಇಲ್ಲವಾದರೆ ಲೂಪ್‌ಗೆ ಮರಳಿ.

ಕ್ರಾನ್: ಹಳೆಯ ನಂಬಿಕಸ್ಥ

ಇಲ್ಲಿಂದ ಮುಂದೆ ಯಾರೂ ನೋಡದಿದ್ದಾಗ ನಡೆಯುವ ಕೆಲಸ. ಗೊತ್ತುಮಾಡಿದ ಹೊತ್ತಿಗೆ ಕಮಾಂಡ್ ನಡೆಸುವ ಕ್ರಾನ್ 1970ರ ದಶಕದ ಯುನಿಕ್ಸ್‌ನಿಂದ ಬಂದದ್ದು. ಇಂದು ಡೆಬಿಯನ್, ಉಬುಂಟುಗಳಲ್ಲಿರುವುದು 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್‌ನ ವಂಶದ್ದು. ಕ್ರಾನ್‌ಟ್ಯಾಬ್ -ಇ ಅಂತ ಹೊಡೆದು ಒಂದು ಸಾಲು ಸೇರಿಸಿದರೆ ಮುಗಿಯಿತು:

30 8 * * * /ಹೋಮ್/ಪೈ/ಮಳೆ.ಎಸ್‌ಎಚ್ >> /ಹೋಮ್/ಪೈ/ಮಳೆ.ಲಾಗ್ 2>&1

ಐದು ಜಾಗಗಳು ಕ್ರಮವಾಗಿ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಈ ಸಾಲು ದಿನಾ ಬೆಳಿಗ್ಗೆ 8:30ಕ್ಕೆ ನಡೆಯುತ್ತದೆ. ಕೊನೆಯ ಭಾಗ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಲಾಗ್ ಫೈಲಿಗೆ ಸೇರಿಸುತ್ತದೆ; ಅದಿಲ್ಲದಿದ್ದರೆ ಕ್ರಾನ್ ಅದನ್ನು ಮೇಲ್ ಮಾಡಲು ನೋಡುತ್ತದೆ, ಮೇಲ್ ವ್ಯವಸ್ಥೆ ಇಲ್ಲದ ಮೆಷಿನ್‌ನಲ್ಲಿ ಎಸೆದುಬಿಡುತ್ತದೆ.

"ಕೈಯಲ್ಲಿ ಹೊಡೆದರೆ ನಡೆಯುತ್ತೆ, ಕ್ರಾನ್‌ನಲ್ಲಿ ನಡೆಯಲ್ಲ" ಎಂಬ ದೂರಿಗೆ ಕಾರಣ ಬಹುತೇಕ ಪಾತ್, ಅಂದರೆ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿ. ಕ್ರಾನ್‌ಗೆ ಗೊತ್ತಿರುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ ಜಾಗ. ಸ್ಕ್ರಿಪ್ಟ್ ಒಳಗೂ ಎಲ್ಲ ಪ್ರೋಗ್ರಾಂ, ಎಲ್ಲ ಫೈಲ್‌ಗೂ ಪೂರ್ತಿ ವಿಳಾಸ ಬರೆಯಿರಿ. ಎರಡನೆಯ ಕಾರಣ % ಚಿಹ್ನೆ. ಫೈಲ್ ಹೆಸರಿಗೆ ತಾರೀಕು ಸೇರಿಸಲು ಡೇಟ್ ಕಮಾಂಡಿನಲ್ಲಿ % ಬರೆದರೆ ಕ್ರಾನ್ ಅದನ್ನು ಹೊಸ ಸಾಲು ಅಂತ ತಿಳಿದು ಕಮಾಂಡನ್ನೇ ತುಂಡರಿಸುತ್ತದೆ. ಪ್ರತಿ % ಮುಂದೆ \ ಹಾಕಬೇಕು, ಇಲ್ಲವೇ ಡೇಟ್ ಅನ್ನು ಸ್ಕ್ರಿಪ್ಟ್ ಒಳಗಿಡಬೇಕು.

*/7 ಅಂದರೆ 7 ನಿಮಿಷಕ್ಕೊಮ್ಮೆ ಅಂತ ತೋರುತ್ತದೆ, ಆದರೆ ಗಂಟೆ ತಿರುಗಿದಾಗ ಲೆಕ್ಕ ಸೊನ್ನೆಯಿಂದ ಶುರು, ಹಾಗಾಗಿ 56ನೇ ನಿಮಿಷದ ನಂತರದ್ದು 4 ನಿಮಿಷಕ್ಕೇ ಬರುತ್ತದೆ. 60 ಅನ್ನು ಸರಿಯಾಗಿ ಭಾಗಿಸುವ ಸಂಖ್ಯೆಯನ್ನೇ ಆರಿಸಿ. ತಾರೀಕು, ವಾರ ಎರಡನ್ನೂ ತುಂಬಿದರೆ ಎರಡೂ ಕೂಡಿದ ದಿನ ಎಂದಲ್ಲ, ಎರಡರಲ್ಲಿ ಯಾವುದು ಬಂದರೂ ನಡೆಯುತ್ತದೆ. ಮತ್ತೆ ಕ್ರಾನ್‌ಟ್ಯಾಬ್ -ಆರ್ ಎಂಬುದು ಕೇಳದೆ ಎಲ್ಲವನ್ನೂ ಅಳಿಸುತ್ತದೆ. ಕೀಲಿಮಣೆಯಲ್ಲಿ ಇ ಪಕ್ಕದಲ್ಲೇ ಆರ್ ಇದೆ. ಕ್ರಾನ್‌ಟ್ಯಾಬ್ -ಎಲ್ ಔಟ್‌ಪುಟ್ ಅನ್ನು ಒಂದು ಫೈಲಿಗೆ ತೆಗೆದಿಟ್ಟುಕೊಳ್ಳಿ.

ಕ್ರಾನ್ ಹಿಂದಿನದು ಮುಗಿಯಿತೇ ಅಂತ ನೋಡುವುದಿಲ್ಲ. ನಿಧಾನದ ನೆಟ್‌ನಲ್ಲಿ ಬ್ಯಾಕಪ್ ಒಂದು ಗಂಟೆ ಮೀರಿದರೆ ಗಂಟೆಗೊಮ್ಮೆ ಇನ್ನೊಂದು ಶುರುವಾಗುತ್ತಾ ಹೋಗಿ ಎಲ್ಲವೂ ಒಂದನ್ನೊಂದು ನಿಧಾನಿಸುತ್ತವೆ. ಕಮಾಂಡ್ ಮುಂದೆ ಎಫ್‌ಲಾಕ್ -ಎನ್ /ಟಿಎಂಪಿ/ಬ್ಯಾಕಪ್.ಲಾಕ್ ಎಂದು ಸೇರಿಸಿ, ಒಂದು ನಡೆಯುತ್ತಿದ್ದರೆ ಮತ್ತೊಂದು ಸುಮ್ಮನೆ ಹಿಂದೆ ಸರಿಯುತ್ತದೆ. ಒಂದು ನಿಮಿಷಕ್ಕಿಂತ ಕಡಿಮೆ ಅಂತರ ಕ್ರಾನ್‌ನಲ್ಲಿ ಇಲ್ಲ.

ಇವೆಲ್ಲಕ್ಕೂ ಪರಿಹಾರ ಇದೆ. ಕ್ರಾನ್ ಒಂದರಿಂದಲೇ ಪರಿಹಾರ ಆಗದ ದೊಡ್ಡ ತೊಂದರೆ ಒಂದೇ: 8:30ಕ್ಕೆ ಮೆಷಿನ್ ಆಫ್ ಇದ್ದರೆ ಆ ದಿನದ ರನ್ ಹೋಯಿತು. 8:31ಕ್ಕೆ ಕರೆಂಟ್ ಬಂದರೂ ಕ್ರಾನ್ ಹಿಂದೆ ನೋಡುವುದಿಲ್ಲ. ಅನಾಕ್ರಾನ್ ಎಂಬ ಜೊತೆಗಾರ ದಿನ, ವಾರ, ತಿಂಗಳ ಕೆಲಸಗಳನ್ನು ಆಮೇಲೆ ಮಾಡಿಸುತ್ತದೆ, ಗಂಟೆ ಲೆಕ್ಕದ ಕೆಲಸಕ್ಕೆ ಅದು ಬಾರದು.

ಸಿಸ್ಟಮ್‌ಡಿ ಟೈಮರ್: ಕರೆಂಟ್ ಹೋಗುವ ಊರಿಗೆ

ಸಿಸ್ಟಮ್‌ಡಿ ಎಂದರೆ ಹೆಚ್ಚಿನ ಲಿನಕ್ಸ್‌ಗಳಲ್ಲಿ ಬೂಟ್ ಆದಾಗಿನಿಂದ ಹಿನ್ನೆಲೆಯ ಕೆಲಸಗಳನ್ನು ನಡೆಸುವ ವ್ಯವಸ್ಥೆ. ಅದರ ಟೈಮರ್‌ಗೆ ಒಂದು ಸಾಲು ಸಾಲದು, ಎರಡು ಫೈಲ್ ಬೇಕು. ಅದನ್ನು ಕಂಡೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಒಂದು ಗಂಟೆ ಕೂತು ಕಲಿತರೆ ಮಲೆನಾಡಿನಲ್ಲಿ ಅದು ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಫೋಲ್ಡರಿನಲ್ಲಿ ಮಳೆ.ಸರ್ವೀಸ್ ಎಂಬ ಫೈಲ್:

[ಸರ್ವೀಸ್]
ಟೈಪ್=ಒನ್‌ಶಾಟ್
ಟೈಮ್‌ಔಟ್‌ಸ್ಟಾರ್ಟ್‌ಸೆಕ್=5ಮಿನ್
ಎಕ್ಸೆಕ್‌ಸ್ಟಾರ್ಟ್=/ಹೋಮ್/ಪೈ/ಮಳೆ.ಎಸ್‌ಎಚ್

ಪಕ್ಕದಲ್ಲೇ ಮಳೆ.ಟೈಮರ್:

[ಟೈಮರ್]
ಆನ್‌ಕ್ಯಾಲೆಂಡರ್=*-*-* 08:30:00
ಆಕ್ಯುರಸಿಸೆಕ್=1ಎಸ್
ಪರ್ಸಿಸ್ಟೆಂಟ್=ಟ್ರೂ

[ಇನ್‌ಸ್ಟಾಲ್]
ವಾಂಟೆಡ್‌ಬೈ=ಟೈಮರ್ಸ್.ಟಾರ್ಗೆಟ್

ಸಮ ಚಿಹ್ನೆಯ ಎಡಗಡೆಯ ಹೆಸರುಗಳಲ್ಲಿ, ಆವರಣದೊಳಗಿನ ಹೆಸರುಗಳಲ್ಲೂ, ಪ್ರತಿ ಪದದ ಮೊದಲಕ್ಷರ ದೊಡ್ಡದು. ಬಲಗಡೆ ಎಲ್ಲ ಸಣ್ಣಕ್ಷರ. ಆಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ನಂತರ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಮಳೆ.ಟೈಮರ್. ಎನೇಬಲ್ ಮಾಡಬೇಕಾದ್ದು ಟೈಮರನ್ನು, ಸರ್ವೀಸನ್ನಲ್ಲ.

ಪರ್ಸಿಸ್ಟೆಂಟ್ ಸಾಲೇ ಇಲ್ಲಿ ಮುಖ್ಯ. ಕೊನೆಯ ಸಲ ಯಾವಾಗ ನಡೆಯಿತು ಎಂಬುದನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಮೆಷಿನ್ ಆಫ್ ಇದ್ದಾಗ ತಪ್ಪಿದ್ದನ್ನು ಬೂಟ್ ಆದ ಮೇಲೆ ಒಮ್ಮೆ ಮಾಡಿಸುತ್ತದೆ. ಆನ್‌ಕ್ಯಾಲೆಂಡರ್ ಇದ್ದರೆ ಮಾತ್ರ ಅದಕ್ಕೆ ಅರ್ಥ. ಆಕ್ಯುರಸಿಸೆಕ್ ಬರೆಯದಿದ್ದರೆ ಒಂದು ನಿಮಿಷದವರೆಗೆ ತಡವಾಗಬಹುದು, ಅದು ಕೆಟ್ಟಿದೆ ಎಂದಲ್ಲ, ಹಲವು ಕೆಲಸಗಳನ್ನು ಒಟ್ಟಿಗೆ ಎಬ್ಬಿಸಿ ಕರೆಂಟ್ ಉಳಿಸಲು ಹಾಗೆ ಇಟ್ಟಿದ್ದಾರೆ.

ಹಿಂದಿನದು ನಡೆಯುತ್ತಿದ್ದರೆ ಟೈಮರ್ ಇನ್ನೊಂದನ್ನು ಶುರುಮಾಡುವುದಿಲ್ಲ, ಎಫ್‌ಲಾಕ್ ಬೇಡ. ಇದರ ಬೆನ್ನಲ್ಲೇ ಒಂದು ಅಪಾಯವೂ ಇದೆ. ಒನ್‌ಶಾಟ್, ಅಂದರೆ ಒಮ್ಮೆ ನಡೆದು ಮುಗಿಯುವ ಸರ್ವೀಸಿಗೆ ಸಮಯದ ಮಿತಿ ಮೊದಲಿಗೆ ಇರುವುದೇ ಇಲ್ಲ. ಸ್ಕ್ರಿಪ್ಟ್ ಒಂದು ದಿನ ನೇತುಬಿದ್ದರೆ ಅದು ನಡೆಯುತ್ತಿದೆ ಅಂತಲೇ ಲೆಕ್ಕ, ನಾಳೆಯದೂ ಇಲ್ಲ, ನಾಳಿದ್ದಿನದೂ ಇಲ್ಲ. ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಸಾಲು ಅದಕ್ಕೇ ಬರೆದದ್ದು, ಬಿಡಬೇಡಿ.

ಮಳೆಮಾಪಕ: ಹತ್ತಿರದಿಂದ ನೋಡಿದರೆ

ತೋಟದವರಿಗೆ ಮಳೆ ಇಂಚು, ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು, ಅಂದರೆ ಒಂದು ಸೆಂಟ್ 0.254 ಮಿ.ಮೀ. ಪುಟ್ಟ ಬಟ್ಟಲು ತುಂಬಿ ಮಗುಚುವ ಮಾಪಕಗಳಲ್ಲಿ 0.254 ಮಿ.ಮೀ.ನದು ಸಿಗುತ್ತದೆ, ಒಂದು ಮಗುಚಿಗೆ ಒಂದು ಸೆಂಟ್, ಲೆಕ್ಕ ಸಲೀಸು. ಆದರೆ ಮಗುಚುವುದು ಕ್ಷಣಾರ್ಧದ ಸಂಕೇತ. ನಿಮಿಷಕ್ಕೊಮ್ಮೆ ರನ್ ಆಗುವ ಯಾವ ಕಮಾಂಡೂ ಅದನ್ನು ಹಿಡಿಯದು. ಎಣಿಸುವುದಕ್ಕೆ ಸದಾ ಎಚ್ಚರವಿರುವ ಪ್ರೋಗ್ರಾಂ ಬೇರೆ ಬೇಕು. ನಮ್ಮ ಟೈಮರ್ ಕೆಲಸ ಆ ಎಣಿಕೆಯನ್ನು ಡಿಸ್ಕಿಗೆ ಬರೆಯುವುದಷ್ಟೇ.

ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು? ಗಂಟೆಗೆ ಒಂದು ಇಂಚಿನ ರಭಸದಲ್ಲಿ ಹೊಡೆಯುತ್ತಿದ್ದಾಗ ಕರೆಂಟ್ ಹೋದರೆ, 5 ನಿಮಿಷಕ್ಕೊಮ್ಮೆ ಬರೆಯುವ ಮೆಷಿನ್ ಹೆಚ್ಚೆಂದರೆ 8-9 ಸೆಂಟ್ ಕಳೆದುಕೊಳ್ಳುತ್ತದೆ. ದಿನಕ್ಕೆ 288 ಸಲ ಬರೆಯುವುದು ಎಸ್‌ಡಿ ಕಾರ್ಡಿಗೆ ಹೊರೆಯಲ್ಲ. ಸೆಕೆಂಡಿಗೊಮ್ಮೆ ಬರೆದರೆ 86,400 ಸಲ, ಕಾರ್ಡ್ ಬೇಗ ಸವೆಯುತ್ತದೆ.

ಇನ್ನು 8:30ರ ದಿನದ ಮೊತ್ತ. ಹವಾಮಾನ ಇಲಾಖೆಯ ಮಳೆ ದಿನವೂ ಬೆಳಿಗ್ಗೆ 8:30ರಿಂದ 8:30ಕ್ಕೆ. ಪರ್ಸಿಸ್ಟೆಂಟ್ ಇದ್ದರೆ, 8:30ಕ್ಕೆ ಕರೆಂಟ್ ಇಲ್ಲದೆ 11 ಗಂಟೆಗೆ ಬಂದಾಗ ಸ್ಕ್ರಿಪ್ಟ್ ತಡವಾಗಿ ನಡೆಯುತ್ತದೆ. ಬ್ಯಾಕಪ್‌ಗೆ ಇದು ವರ, ಅಳತೆಗೆ ಹಾಗಲ್ಲ. 11ಕ್ಕೆ ಓದಿದ ಅಂಕಿಯನ್ನು 8:30ರದ್ದು ಅಂತ ಬರೆದರೆ ಆ ದಿನದ ಲೆಕ್ಕವೂ ತಪ್ಪು, ಮಾರನೇ ದಿನದ್ದೂ ತಪ್ಪು. ಸ್ಕ್ರಿಪ್ಟ್ ಪ್ರತಿ ಸಾಲಿಗೂ ನಿಜವಾದ ಹೊತ್ತನ್ನೇ ಬರೆಯಲಿ, ದಿನದ ಮೊತ್ತವನ್ನು 5 ನಿಮಿಷದ ಸಾಲುಗಳಿಂದ ಆಮೇಲೆ ಕೂಡಿ ತೆಗೆಯಲಿ.

ಗಡಿಯಾರದ ತೊಂದರೆ ಇದಕ್ಕಿಂತ ದೊಡ್ಡದು. ರಾಸ್ಪ್‌ಬೆರಿ ಪೈ 4ರವರೆಗಿನ ಯಾವುದರಲ್ಲೂ ಬ್ಯಾಟರಿ ಗಡಿಯಾರವಿಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿ ಬೇರೆ ಕೊಳ್ಳಬೇಕು. ಬ್ಯಾಟರಿ ಗಡಿಯಾರವಿಲ್ಲದ ಪೈ, ಆಫ್ ಆಗುವ ಮೊದಲಿನ ಹೊತ್ತನ್ನೇ ಹಿಡಿದು ಎದ್ದು, ನೆಟ್ ಸಿಕ್ಕ ಮೇಲೆ ತಿದ್ದಿಕೊಳ್ಳುತ್ತದೆ. ಕರೆಂಟ್ ಬಂದರೂ ನೆಟ್ ಬಾರದ ದಿನ ಅದರ ಗಡಿಯಾರ ಗಂಟೆಗಟ್ಟಲೆ ಹಿಂದಿರುತ್ತದೆ. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಸೇರಿಸುವುದೇ ಸರಿಯಾದ ದಾರಿ. ಅಗ್ಗದ ಕೆಲವು ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ, ಅದಕ್ಕೆ ಚಾರ್ಜ್ ಆಗದ ಸಿಆರ್2032 ಹಾಕಬಾರದು, ಎಲ್‌ಐಆರ್2032 ಹಾಕಬೇಕು. 5 ನಿಮಿಷದ ಟೈಮರಿಗೆ ಆನ್‌ಕ್ಯಾಲೆಂಡರ್ ಬದಲು ಆನ್‌ಬೂಟ್‌ಸೆಕ್=2ಮಿನ್, ಆನ್‌ಯುನಿಟ್‌ಆಕ್ಟಿವ್‌ಸೆಕ್=5ಮಿನ್ ಎಂದು ಬರೆದರೆ ಗಡಿಯಾರ ಹಿಂದೆ ಮುಂದೆ ಹಾರಿದರೂ ಅಂತರ ಕೆಡುವುದಿಲ್ಲ. ಕ್ರಾನ್‌ನಲ್ಲಿ ಈ ಆಯ್ಕೆ ಇಲ್ಲ.

ಹೊಸ ಪೈ ಬ್ರಿಟನ್ ಸಮಯದಲ್ಲಿ ಬರುವುದನ್ನೂ ಮರೆಯಬೇಡಿ. ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಮಾಡದಿದ್ದರೆ 8:30ರ ಕೆಲಸ ನಮ್ಮ ಮಧ್ಯಾಹ್ನ 2 ಗಂಟೆಗೆ, ಅವರ ಬೇಸಿಗೆಯಲ್ಲಾದರೆ 1 ಗಂಟೆಗೆ ನಡೆಯುತ್ತದೆ. ಏಷ್ಯಾದ ಮತ್ತು ಕೋಲ್ಕತಾದ ಮೊದಲಕ್ಷರ ದೊಡ್ಡದು. ಸಮಯ ಬದಲಿಸಿದ ಮೇಲೆ ಕ್ರಾನ್ ಅನ್ನು ರೀಸ್ಟಾರ್ಟ್ ಮಾಡಿ.

ಯಾರಿಗೆ ಯಾವುದು

ಪರದೆ ಎದುರು ಕೂತು ಹತ್ತು ನಿಮಿಷ ಏನನ್ನೋ ಗಮನಿಸುವುದಿದ್ದರೆ ವಾಚ್, ಬೇರೆ ಯೋಚನೆ ಬೇಡ. ಏನೋ ಒಂದು ಆಗುವವರೆಗೆ ಕಾಯಬೇಕಿದ್ದರೆ ಅಂಟಿಲ್ ಲೂಪ್. ಕೋಡ್ ಬರೆಯುವವರಿಗೆ ಎಂಟ್ರ್. ಹಳೇ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳಿಗಂತೂ ಇದರಿಂದ ಬ್ಯಾಟರಿಯೂ ಉಳಿಯುತ್ತದೆ.

ಚಿಕ್ಕಮಗಳೂರಿನ ಅಂಗಡಿಯ ರಾತ್ರಿ ಬ್ಯಾಕಪ್‌ಗೆ ಟೈಮರ್ ಮತ್ತು ಪರ್ಸಿಸ್ಟೆಂಟ್. ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸವಿದ್ದರೆ ರಾತ್ರಿ 11ರ ಕ್ರಾನ್ ಒಂದು ದಿನವೂ ನಡೆಯುವುದಿಲ್ಲ. ಟೈಮರಾದರೆ ಬೆಳಿಗ್ಗೆ ಮೆಷಿನ್ ಹಾಕಿದ ಮೇಲೆ ನಡೆಯುತ್ತದೆ. ಬೆಳಗಿನ ಬಿಲ್ಲಿಂಗ್ ನಿಧಾನವಾಗುವುದು ಅದರ ಬೆಲೆ, ಹಾಗಾಗಿ ಅಂಗಡಿ ತೆರೆದಿರುವಾಗಲೇ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕ್ರಾನ್ ಎಲ್ಲಿ? ಯುಪಿಎಸ್ ಇದ್ದು ಸದಾ ಓಡುವ ಸರ್ವರ್‌ನಲ್ಲಿ, ಬಾಡಿಗೆಯ ವೆಬ್ ಹೋಸ್ಟಿಂಗ್‌ನಲ್ಲಿ, ಸಿಸ್ಟಮ್‌ಡಿ ಇಲ್ಲದ ಆಲ್ಪೈನ್ ಲಿನಕ್ಸ್, ಬಿಎಸ್‌ಡಿಗಳಲ್ಲಿ. ಒಂದು ಸಾಲಿನಲ್ಲಿ ಮುಗಿಯುವ ಅನುಕೂಲ ಅಲ್ಲಿ ನಿಜಕ್ಕೂ ಅನುಕೂಲವೇ.

ವಿಂಡೋಸ್ ಇರುವವರಿಗೆ ಟಾಸ್ಕ್ ಶೆಡ್ಯೂಲರ್ ಇದೆ. ಎರಡು ಟಿಕ್ ನೋಡಿಕೊಳ್ಳಿ: ಸೆಟ್ಟಿಂಗ್ಸ್ ಪುಟದಲ್ಲಿ ತಪ್ಪಿದ ಕೆಲಸವನ್ನು ಆದಷ್ಟು ಬೇಗ ರನ್ ಮಾಡು ಎಂಬುದು ಆಫ್ ಇರುತ್ತದೆ, ಆನ್ ಮಾಡಿ, ಕಂಡೀಷನ್ಸ್ ಪುಟದಲ್ಲಿ ಚಾರ್ಜರ್ ಹಾಕಿದ್ದರೆ ಮಾತ್ರ ಶುರುಮಾಡು ಎಂಬುದು ಆನ್ ಇರುತ್ತದೆ, ಲ್ಯಾಪ್‌ಟಾಪಾದರೆ ಅದನ್ನು ತೆಗೆಯಿರಿ.

ಬಿಟ್ಟು ಹೋಗುವ ಮುನ್ನ

ಸ್ಕ್ರಿಪ್ಟ್‌ ಅನ್ನು ಮೊದಲು ಎನ್ವ್ -ಐ /ಬಿನ್/ಎಸ್‌ಎಚ್ ಜೊತೆಗೆ ಪೂರ್ತಿ ವಿಳಾಸ ಕೊಟ್ಟು ರನ್ ಮಾಡಿ. ನಿಮ್ಮ ಸೆಟ್ಟಿಂಗ್‌ಗಳನ್ನೆಲ್ಲ ಕಳಚಿ, ಕ್ರಾನ್‌ನಂಥದೇ ಬರಿಗೈ ಸ್ಥಿತಿಯಲ್ಲಿ ನಡೆಸುತ್ತದೆ. ಪಾತ್ ತೊಂದರೆ ಇದ್ದರೆ ಹೆಚ್ಚಾಗಿ ಇಲ್ಲೇ ಬಯಲಾಗುತ್ತದೆ. ಟೈಮರಾದರೆ ಸಿಸ್ಟಮ್‌ಡಿ-ಅನಲೈಜ್ ಕ್ಯಾಲೆಂಡರ್ ಎಂದು ಬರೆದು ನಿಮ್ಮ ಹೊತ್ತನ್ನು ಕೋಟ್‌ನಲ್ಲಿ ಕೊಡಿ, ಮುಂದಿನ ಸಲ ಯಾವಾಗ ಅಂತ ಹೇಳುತ್ತದೆ. ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಮಳೆ.ಸರ್ವೀಸ್ ಅಂದರೆ ಈಗಲೇ ಒಮ್ಮೆ ನಡೆಯುತ್ತದೆ, ಜರ್ನಲ್‌ಸಿಟಿಎಲ್ -ಯು ಮಳೆ.ಸರ್ವೀಸ್ ಅದರ ಲಾಗ್ ತೋರಿಸುತ್ತದೆ.

ನಂತರ ನೆಟ್ ಕೇಬಲ್ ಕಿತ್ತು ಒಮ್ಮೆ ನಡೆಸಿ, 5 ನಿಮಿಷಕ್ಕೆ ಅದು ತಾನಾಗಿ ಕೈಬಿಟ್ಟಿತೇ ನೋಡಿ. ಕೊನೆಗೆ ಟೈಮರ್ ಹೊತ್ತನ್ನು ಈಗಿನಿಂದ ಹತ್ತು ನಿಮಿಷ ಮುಂದಕ್ಕಿಟ್ಟು, ಮೆಷಿನ್ ಶಟ್‌ಡೌನ್ ಮಾಡಿ, ಆ ಹೊತ್ತು ಕಳೆದ ಮೇಲೆ ಆನ್ ಮಾಡಿ. ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ ಪಟ್ಟಿಯ ಲಾಸ್ಟ್ ಎಂಬ ಅಂಕಣದಲ್ಲಿ ಬೂಟ್ ಆದ ಹೊತ್ತು ಕಂಡರೆ ಪರ್ಸಿಸ್ಟೆಂಟ್ ಕೆಲಸ ಮಾಡುತ್ತಿದೆ. ಅಲ್ಲಿ ಏನೂ ಇಲ್ಲದಿದ್ದರೆ, ಟೈಮರ್ ಬದಲು ಸರ್ವೀಸನ್ನು ಎನೇಬಲ್ ಮಾಡಿದ್ದೀರಾ ಎಂಬುದನ್ನು ಮೊದಲು ನೋಡಿ.